ಸೆರಗು ಬೀಳಲಿ ಬಿಡ್ರಿ

ಬೆಳಗಿನ ಆರಕ್ಕೆ ಇನ್ನೂ ಕಾಲು ಗಂಟೆ ಇದೆ. ಇಳಕಲ್ ಊರು ಮುಗಿದು ಗ್ರಾನೈಟ್ ಕಾರ್ಖಾನೆಗಳು ಶುರುವಾಗುವಲ್ಲಿ, ಕೆಂಪುಕಲ್ಲಿನ ಚೂರುಗಳು ಹರಡಿ ಬಿದ್ದ ಒಂದು ಬಯಲು. ಆಷಾಢದ ಗಾಳಿ ಆಗಲೇ ಎದ್ದಿದೆ. ನಲವತ್ತನಾಲ್ಕು ವರ್ಷದ ವಿಜಯಮಹಾಂತೇಶ ಇಪ್ಪತ್ತಡಿ ಉದ್ದದ ಬಿದಿರು ಗಳವೊಂದನ್ನು ಕಲ್ಲುಗಳ ನಡುವೆ ಸಿಕ್ಕಿಸಿ ನಿಲ್ಲಿಸುತ್ತಿದ್ದಾರೆ. ಗಳಕ್ಕೆ ಮೂರು ಕಡೆ ಕೆಂಪು ರೇಷ್ಮೆ ಎಳೆ ಕಟ್ಟಿದೆ. ಸೊಂಟದ ಮಟ್ಟದಲ್ಲಿ ಒಂದು, ತಲೆಗಿಂತ ತುಸು ಮೇಲೆ ಒಂದು, ತುದಿಯಲ್ಲಿ ಒಂದು. ಕೆಳಗಿನ ಎಳೆ ಸುಮ್ಮನೆ ತೂಗುತ್ತಿದೆ. ನಡುವಿನದು ಓರೆಯಾಗಿದೆ. ತುದಿಯದು ಮಾತ್ರ ಅಡ್ಡಡ್ಡ ಚಾಚಿ ನಿಂತು ಪಟಪಟ ಬಡಿದುಕೊಳ್ಳುತ್ತಿದೆ.

"ನಾವು ನಿಂತಲ್ಲಿ ಗಾಳಿ ಇಲ್ಲ. ಡ್ರೋನ್ ಹೋಗೂ ಜಾಗಾದಾಗ ಐತಿ," ಎನ್ನುತ್ತಾರೆ ವಿಜಯಮಹಾಂತೇಶ. "ಎಲ್ಲಾರೂ ಕೆಳಗಿನ ಎಳಿ ನೋಡತಾರ, ಮ್ಯಾಲ ಹಾರಸ್ತಾರ. ಇವತ್ತ ಯಾರೂ ಹಾರಸೂದು ಬ್ಯಾಡ."

ಎದುರಿಗೆ ನಿಂತ ನಾಲ್ವರ ಮುಖ ಸಪ್ಪಗಾಗುತ್ತದೆ. ಹೊಸದಾಗಿ ಡ್ರೋನ್ ಕೊಂಡ ಮದುವೆ ಫೋಟೋಗ್ರಾಫರ್‌ಗಳು ಇವರು. ಕೈಯಲ್ಲಿರುವುದು ಅಂಗೈಯಗಲದ, ಕಾಲು ಕಿಲೋ ಕೂಡ ತೂಗದ, ಕಲಿಯುವವರ ಡ್ರೋನು. ಈ ವಾರ ಮೂರನೆಯ ಸಲ ಅದನ್ನು ಪೆಟ್ಟಿಗೆಯಿಂದ ತೆಗೆದು ಹಾಗೇ ಪೆಟ್ಟಿಗೆಗೆ ಇಡುತ್ತಿದ್ದಾರೆ. "ಹಾರಸೂದು ಕಲಸ್ತಾರ ಅಂತ ಬಂದ್ರ ಇವ್ರು ಹಾರಸದಂಗ ಇರೂದು ಕಲಸಾಕತ್ಯಾರ," ಎಂದು ಒಬ್ಬ ಗೊಣಗುತ್ತಾನೆ. ವಿಜಯಮಹಾಂತೇಶ ಕೇಳಿಸಿಕೊಂಡೂ ಕೇಳಿಸದವರಂತೆ ಗಳ ಬಿಚ್ಚುತ್ತಾರೆ. ಅವನ ಮಾತಿನಲ್ಲಿ ಸುಳ್ಳೇನೂ ಇಲ್ಲ.

ಕಲಿಸಲು ಅವರು ಆರಿಸಿಕೊಂಡಿರುವುದು ಆಷಾಢವನ್ನೇ. ಈ ತಿಂಗಳು ಲಗ್ನಗಳಿಲ್ಲ, ಕ್ಯಾಮರಾದವರಿಗೆ ಕೆಲಸವಿಲ್ಲ, ಗಾಳಿಗೆ ಮಾತ್ರ ಬಿಡುವಿಲ್ಲ. ದಿನಾ ಬೆಳಿಗ್ಗೆ ಎರಡು ಗಂಟೆ ಪಾಠ. ಆಮೇಲೆ ಸೈಕಲ್ ಏರಿ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಗೆ ಹೋದರೆ ಸಂಜೆಯವರೆಗೆ ನೀರು, ದೂಳು, ಯಂತ್ರದ ಸದ್ದು. ಮೂರು ಆಷಾಢಗಳಲ್ಲಿ ಅವರ ಹತ್ತಿರ ಕಲಿಯಲು ಬಂದವರು ಮೂವತ್ತೊಂದು ಮಂದಿ. ತಿಂಗಳು ಪೂರ್ತಿ ನಿಂತವರು ಐದೇ ಜನ. ಬಾದಾಮಿಯಿಂದ ಬಂದವನೊಬ್ಬ ಎರಡನೆಯ ದಿನಕ್ಕೇ ಕೈಮುಗಿದ. ಗೋಡೆಯ ಮರೆ, ಬಂಡೆಯ ಮರೆ ಎಂದರೆ ಗಾಳಿ ಇರುವುದಿಲ್ಲ ಎಂದು ಅವನು ತಿಳಿದಿದ್ದ. ಅಂಥ ಮರೆಯಲ್ಲೇ ಗಾಳಿ ಮೇಲಿಂದ ಉರುಳಿ ಬಿದ್ದು ಡ್ರೋನನ್ನು ನೆಲಕ್ಕೆ ಒತ್ತುತ್ತದೆ ಎಂದು ಇವರು ಹೇಳಿದ್ದು ಅವನಿಗೆ ಹಿಡಿಸಲಿಲ್ಲ.

ಉಳಿದ ಪಾಠವೂ ಉದ್ದವಿಲ್ಲ. ಮೊದಲು ಗಾಳಿಗೆ ಎದುರಾಗಿ ಹೋಗಬೇಕು, ಬರುವಾಗ ಗಾಳಿಯೇ ತಂದು ಬಿಡುತ್ತದೆ. ಗಾಳಿಯ ಬೆನ್ನು ಹತ್ತಿ ಹೋದವನಿಗೆ ಹೋಗುವಾಗ ಎಲ್ಲ ಚೆಂದ, ಬರುವಾಗ ಬ್ಯಾಟರಿ ಇರುವುದಿಲ್ಲ. ಇಪ್ಪತ್ತು ನಿಮಿಷ ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಆಷಾಢದಲ್ಲಿ ಹನ್ನೊಂದು ಎಂದು ತಿಳಿಯಬೇಕು. ಅರ್ಧ ಬ್ಯಾಟರಿ ಇರುವಾಗಲೇ ತಿರುಗಿಸಬೇಕು. ಗಾಳಿ ಎಳೆದರೆ ಗಾಬರಿಯಾಗದೆ ಕೆಳಕ್ಕೆ ತರಬೇಕು, ಯಾರೂ ಇಲ್ಲದ ಕಡೆ ಇಳಿಸಬೇಕು. ತಾನಾಗಿ ಮರಳಿ ಬರುವ ಗುಂಡಿಯನ್ನು ಆಗ ಒತ್ತಬಾರದು. ಡ್ರೋನಿಗೆ ಏನನ್ನೂ ಕಟ್ಟಬಾರದು. ಕೊನೆಯ ಈ ಎರಡನ್ನು ಹೇಳುವಾಗ ಅವರ ದನಿ ಇಳಿಯುತ್ತದೆ.

ಇಷ್ಟೆಲ್ಲ ಕಲಿಸುವ ಮನುಷ್ಯ ರಿಮೋಟ್ ಮುಟ್ಟುವುದಿಲ್ಲ. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡೇ ನಿಲ್ಲುತ್ತಾರೆ. ಹೊಸಬರು ಎಷ್ಟು ಚಾಚಿದರೂ ತೆಗೆದುಕೊಳ್ಳುವುದಿಲ್ಲ. ಅವರದೇ ಡ್ರೋನು ಮನೆಯ ಟ್ರಂಕಿನಲ್ಲಿದೆ, ರೆಕ್ಕೆ ಕಳಚಿ ಬೇರೆ ಇಟ್ಟಿದ್ದಾರೆ. ಮಾರಬಹುದಿತ್ತಲ್ಲ ಎಂದರೆ, "ಮಾರಿದ್ರ ಇನ್ನೊಬ್ರ ಕೈಯಾಗ ಹೋಗ್ತೈತ್ರಿ. ಟ್ರಂಕಿನ್ಯಾಗ ಇದ್ರ ನನ್ನ ಕಣ್ಣ ಮುಂದ ಇರ್ತೈತಿ," ಎನ್ನುತ್ತಾರೆ.

ನಾಲ್ಕು ವರ್ಷದ ಹಿಂದೆ ಅವರದು ಇಳಕಲ್‌ನಲ್ಲಿ ಚಾಲ್ತಿಯ ಫೋಟೋ ಸ್ಟುಡಿಯೋ. ಹದಿನಾರು ವರ್ಷ ಲಗ್ನದ ಫೋಟೋ ತೆಗೆದ ಕೈ. ಆ ಹೊತ್ತಿಗೆ ಈ ಭಾಗದ ಲಗ್ನಗಳಲ್ಲಿ ಒಂದು ಹೊಸ ಹುಚ್ಚು ಹತ್ತಿತ್ತು. ಮದುಮಗಳು ಮಂಟಪಕ್ಕೆ ಬರುವಾಗ ಅವಳ ತಲೆಯ ಮೇಲೆ ಇಳಕಲ್ ಸೀರೆಯ ಕೆಂಪು ಸೆರಗೊಂದು ಹಾರಿ ಬರಬೇಕು. ಡ್ರೋನಿಗೆ ಎರಡು ಮೊಳ ಸೆರಗು ಕಟ್ಟಿ ಹಾರಿಸುವುದು, ಅದನ್ನು ಇನ್ನೊಂದು ಕ್ಯಾಮರಾದಲ್ಲಿ ಹಿಡಿಯುವುದು, ಸಂಜೆಯೊಳಗೆ ಊರ ತುಂಬಾ ಫೋನುಗಳಲ್ಲಿ ಓಡಿಸುವುದು. ಅಕ್ಷತೆ ಹಾಕಲು ಬಂದವರೆಲ್ಲ ಈಗ ವಧೂವರರನ್ನು ಬಿಟ್ಟು ಆಕಾಶ ನೋಡುತ್ತ ನಿಲ್ಲುತ್ತಾರೆ. ಅದಕ್ಕೆ 'ಹಾರುವ ಸೆರಗು' ಎಂದು ಹೆಸರೂ ಬಿದ್ದಿದೆ.

ವಿಜಯಮಹಾಂತೇಶರ ಹೆಂಡತಿ ಬಸವೇಶ್ವರಿ ನೇಕಾರರ ಮನೆಯ ಮಗಳು. ಅವರ ತಂಗಿ ಪದ್ಮಶ್ರೀಯ ಲಗ್ನ ಜ್ಯೇಷ್ಠದ ಕಟ್ಟಕಡೆಯ ಮುಹೂರ್ತಕ್ಕೆ ನಿಶ್ಚಯವಾಯಿತು. ತಂಗಿಗೆಂದು ಬಸವೇಶ್ವರಿ ಹನ್ನೆರಡು ದಿನ ಕೂತು ಬೇರೆಯಾಗಿಯೇ ಎರಡು ಮೊಳದ ಸೆರಗು ನೇಯ್ದರು. ತಾನು ನೇಯ್ದದ್ದು ತಂಗಿಯ ತಲೆಯ ಮೇಲೆ ಹಾರಬೇಕೆಂದು ಗಂಡನನ್ನು ಬೇಡಿದವರೂ ಅವರೇ. ಡ್ರೋನ್ ಕೊಂಡು ಆಗಿನ್ನೂ ಇಪ್ಪತ್ತು ದಿನ. ಅಂದು ಗಾಳಿ ಜೋರಿತ್ತು. ಆದರೆ ಮದುಮಗಳು ಬಾಗಿಲಲ್ಲಿ ಬಂದು ನಿಂತಿರುವಾಗ, ಗಾಳಿ ಜಾಸ್ತಿ ಇದೆ, ಹಾರಿಸುವುದಿಲ್ಲ ಎಂದು ಬೀಗರ ಮುಂದೆ ಹೇಳುವ ಧೈರ್ಯ ಅವರಿಗೆ ಬರಲಿಲ್ಲ.

"ಸೆರಗ ಅಂದ್ರ ಬಟ್ಟಿ ಅಲ್ರಿ, ಹಾಯಿ. ಗಾಳಿ ಅದರಾಗ ತುಂಬಿಕೊಂತು. ಡ್ರೋನ್ ಎತ್ತಾಗ ತಿರಗ್ಸಿದ್ರೂ ಅದು ಕರೆಂಟಿನ ತಂತಿ ಕಡೆನ ಹೊಂಟಿತ್ತು. ಗುಂಡಿ ಮ್ಯಾಲ ಮನಿ ಚಿತ್ರ ಇರ್ತೈತ್ರಿ. ಮನಿಗೆ ಬಾ ಅಂತ ಒತ್ತಿದೆ. ಅದು ಹೇಳಿದಂಗ ಕೇಳ್ತು."

ಆ ಗುಂಡಿ ಒತ್ತಿದರೆ ಡ್ರೋನು ನೇರ ಬರುವುದಿಲ್ಲ. ಮರ, ತಂತಿ ತಾಗದಿರಲೆಂದು ಮೊದಲು ನೂರಡಿ ಮೇಲೇರುತ್ತದೆ. ಮೇಲೆ ಗಾಳಿ ಇನ್ನೂ ಜೋರು. ಅಲ್ಲಿ ಒದ್ದಾಡಿ ಬ್ಯಾಟರಿ ತೀರಿಸಿಕೊಂಡು, ಕೊನೆಗೆ ಎಲ್ಲಿಂದ ಎದ್ದಿತ್ತೋ ಅದೇ ಜಾಗಕ್ಕೆ ಜೋಲಿ ಹೊಡೆಯುತ್ತ ಇಳಿಯಿತು. ಆ ಜಾಗದಲ್ಲಿ ಬಸವೇಶ್ವರಿ ಆರತಿ ತಟ್ಟೆ ಹಿಡಿದು ನಿಂತಿದ್ದರು. ಹಿಂದಿನ ರಾತ್ರಿ ಮಳೆಯಾಗಿ ನೆಲವೆಲ್ಲ ಕೆಸರು. ಇಳಿದು ಬರುತ್ತಿದ್ದ ಸೆರಗಿನ ಚುಂಗು ಇನ್ನೇನು ಕೆಸರಿಗೆ ತಾಗಬೇಕು.

ಮಗ್ಗದ ಮನೆಯಲ್ಲಿ ಹುಟ್ಟಿದವರು ಸೆರಗನ್ನು ನೆಲಕ್ಕೆ ಬೀಳಗೊಡುವುದಿಲ್ಲ. ಇದನ್ನು ಯಾರೂ ಕಲಿಸುವುದಿಲ್ಲ, ಅಂಬೆಗಾಲಿಡುವಾಗಿನಿಂದ ನೋಡಿ ಬರುತ್ತದೆ. ಬಿದ್ದರೆ ಎತ್ತಿ ಕಣ್ಣಿಗೊತ್ತಿಕೊಳ್ಳುತ್ತಾರೆ. ಬಸವೇಶ್ವರಿ ತಟ್ಟೆ ಒಂದು ಕೈಗೆ ಬದಲಿಸಿ ಇನ್ನೊಂದು ಕೈ ಚಾಚಿದರು, ಸೆರಗು ಹಿಡಿದರು, ತಮ್ಮ ಕಡೆಗೆ ಎಳೆದುಕೊಂಡರು. ಸೆರಗಿನ ಹಿಂದೆ ಡ್ರೋನೂ ಬಂತು. ಅದರ ರೆಕ್ಕೆ ಇನ್ನೂ ತಿರುಗುತ್ತಿತ್ತು.

ಬಾಗಲಕೋಟೆಯ ಆಸ್ಪತ್ರೆಯಲ್ಲಿ ಎರಡು ಸಲ ಆಪರೇಶನ್ ಮಾಡಿದರೂ ಎಡಗಣ್ಣು ಬರಲಿಲ್ಲ. ಸೆರಗು ಮಾತ್ರ ಒಂದು ಚೂರೂ ಮಣ್ಣಾಗಿರಲಿಲ್ಲ. ಅದನ್ನು ಹೇಳುವಾಗ ವಿಜಯಮಹಾಂತೇಶ ಬಯಲಿನ ಕಡೆ ಮುಖ ತಿರುಗಿಸುತ್ತಾರೆ.

ಬಸವೇಶ್ವರಿಯವರಿಗೆ ಈಗ ಮೂವತ್ತೊಂಬತ್ತು. ಹದಿನಾಲ್ಕನೆಯ ವಯಸ್ಸಿನಿಂದ ಅವರ ಕೆಲಸ ಕೊಂಡಿ ಹಾಕುವುದಾಗಿತ್ತು. ಸೀರೆಯ ಒಡಲಿನ ಎಳೆಗೂ ಸೆರಗಿನ ಕೆಂಪು ಎಳೆಗೂ ಒಂದಕ್ಕೊಂದು ಕೊಂಡಿ ಸಿಕ್ಕಿಸಿ ಕೂಡಿಸಬೇಕು, ಒಂದು ಸೀರೆಗೆ ಮೂರು ಸಾವಿರಕ್ಕೂ ಹೆಚ್ಚು ಸಲ. ಇಳಕಲ್ ಸೀರೆಯನ್ನು ಇಳಕಲ್ ಸೀರೆ ಮಾಡುವುದೇ ಈ ಕೊಂಡಿ. ಅವರು ಹಾಕಿದ ಕೊಂಡಿಯ ಮೇಲೆ ಬೆರಳಾಡಿಸಿದರೆ ಎಲ್ಲಿ ಒಡಲು ಮುಗಿಯಿತು, ಎಲ್ಲಿ ಸೆರಗು ಶುರುವಾಯಿತು ಎಂದು ತಿಳಿಯುತ್ತಿರಲಿಲ್ಲ ಎಂದು ಓಣಿಯ ನೇಕಾರರು ಇವತ್ತಿಗೂ ಹೇಳುತ್ತಾರೆ. ಪೆಟ್ಟು ಬಿದ್ದ ಆರು ತಿಂಗಳಿಗೆ ಮತ್ತೆ ಮಗ್ಗದ ಮುಂದೆ ಕೂತು ನೋಡಿದರು. ಬೆಳಗಿನಿಂದ ಸಂಜೆಯವರೆಗೆ ನಲವತ್ತು ಎಳೆ ಕೂಡಿಸಿದರು, ಅದರಲ್ಲಿ ಅರ್ಧ ಬಿಚ್ಚಿಕೊಂಡವು.

"ಎಳಿ ಕಾಣಸ್ತೈತ್ರಿ," ಎನ್ನುತ್ತಾರೆ ಅವರು. "ಎಷ್ಟು ದೂರ ಐತಿ ಅನ್ನೂದು ಕಾಣಸೂದಿಲ್ಲ. ಐತಿ ಅಂತ ಕೈ ಹಾಕಿದ್ರ ಅಲ್ಲಿ ಇರೂದಿಲ್ಲ."

ಈಗ ಅವರು ಮೂಲೆಯಲ್ಲಿ ರಾಟೆಯ ಮುಂದೆ ಕೂತು ಲಾಳಿಯಲ್ಲಿಡುವ ಕಂಡಿಕಿಗೆ ನೂಲು ಸುತ್ತುತ್ತಾರೆ. ಮುದುಕಿಯರೂ ಮಕ್ಕಳೂ ಮಾಡುವ ಕೆಲಸ ಅದು. ಅವರು ಗಂಡನನ್ನು ಒಂದು ದಿನವೂ ಬೈದಿಲ್ಲ. ವಿಜಯಮಹಾಂತೇಶರನ್ನು ಎಲ್ಲಕ್ಕಿಂತ ಹೆಚ್ಚು ಸುಡುವುದು ಇದೇ. "ಬೈದಿದ್ರ ಛಲೋ ಇತ್ತು," ಎನ್ನುತ್ತಾರೆ. ಅದಕ್ಕೆ ಬಸವೇಶ್ವರಿ, ರಾಟೆ ನಿಲ್ಲಿಸದೆ, "ಬೈದ್ರ ಕಣ್ಣ ಬರ್ತೈತೇನು? ಹಾರಸ್ರಿ ಅಂತ ಬೇಡಿದಾಕಿ ನಾನ," ಎನ್ನುತ್ತಾರೆ. ಮಾತು ಅಲ್ಲಿಗೆ ನಿಲ್ಲುತ್ತದೆ. ಆ ಮನೆಯಲ್ಲಿ ನಾಲ್ಕು ವರ್ಷದಿಂದ ಮಾತು ಅಲ್ಲಿಗೇ ನಿಲ್ಲುತ್ತಿದೆ.

ಸ್ಟುಡಿಯೋ ಮುಚ್ಚಿದ ಮೇಲೆ ಅವರಿಗೆ ಉಳಿದದ್ದು ಒಂದೇ ಹಠ. ಇನ್ನೊಬ್ಬ ಹೆಣ್ಣುಮಗಳ ಕಣ್ಣು ಹೀಗೆ ಹೋಗಬಾರದು. ಇಳಕಲ್, ಹುನಗುಂದದ ಹನ್ನೊಂದು ಸ್ಟುಡಿಯೋಗಳ ಮೆಟ್ಟಿಲು ಹತ್ತಿದರು. ಎಲ್ಲರೂ ಚಹಾ ಕೊಟ್ಟರು. ಕೆಳಗಿಳಿಯುವಾಗ ಒಂದು ಕಡೆ, "ಹೆಂಡ್ತಿ ಕಣ್ಣ ತಗದಾವ ನಮಗ ಹೇಳಾಕ ಬಂದಾನ ನೋಡಲೇ," ಎಂದು ಒಳಗೆ ನಕ್ಕದ್ದು ಕೇಳಿಸಿತು. ಕಚೇರಿಯೊಂದಕ್ಕೆ ಅರ್ಜಿ ಕೊಟ್ಟರು, ಅದರ ಮೇಲೆ ಚೆಂದದ ಮೊಹರು ಬಿತ್ತು, ಅಷ್ಟೇ. ಮಂಗಲ ಕಾರ್ಯಾಲಯವೊಂದರ ಬಾಗಿಲಿಗೆ ತಾವೇ ಬರೆಸಿ ಬೋರ್ಡು ಹಾಕಿದರು. ಶುಭಕಾರ್ಯದ ಮನೆಯಲ್ಲಿ ಕಣ್ಣು ಹೋಗುವ ಮಾತು ಬೇಡವೆಂದು ಎಂಟು ದಿನಕ್ಕೆ ಅದನ್ನು ಕಿತ್ತರು. ಕಿತ್ತ ಬೋರ್ಡನ್ನು ಹಿಂದಿರುಗಿಸುವ ಮರ್ಯಾದೆಯನ್ನಾದರೂ ತೋರಿಸಿದರು ಎನ್ನಬೇಕು.

ಆಮೇಲೆ ಅವರು ಕರೆಯದ ಲಗ್ನಗಳಿಗೆ ಹೋಗಲು ಶುರುಮಾಡಿದರು. ಕಾರ್ಖಾನೆಗೆ ರಜೆ ಹಾಕಿ, ಬಿಳಿ ಅಂಗಿ ತೊಟ್ಟು, ಹಾರುವ ಸೆರಗಿನ ಕೆಳಗೆ ಹೋಗಿ ನಿಲ್ಲುತ್ತಾರೆ. ಹಾರಿಸುವವನಿಗೆ ಏನೂ ಅನ್ನುವುದಿಲ್ಲ. ಸುತ್ತ ನಿಂತ ಹೆಂಗಸರಿಗೆ ಮಾತ್ರ ಒಬ್ಬೊಬ್ಬರಿಗಾಗಿ ಹೇಳುತ್ತಾರೆ: "ಅವ್ವಾರ, ಅದು ಕೆಳಗ ಬಂದ್ರ ಕೈ ಚಾಚಬ್ಯಾಡ್ರಿ. ಸೆರಗು ಬೀಳಲಿ ಬಿಡ್ರಿ." ಹೋದ ವರ್ಷ ಹಾರುವ ಸೆರಗಿನ ಲಗ್ನ ಇಪ್ಪತ್ತಾರು. ಅವರು ಹೋದದ್ದು ಹತ್ತೊಂಬತ್ತಕ್ಕೆ. ಆರು ಕಡೆ ಹೊರಗೆ ದಬ್ಬಿಸಿಕೊಂಡರು. ಉಂಡದ್ದು ಒಂದು ಕಡೆಯೂ ಇಲ್ಲ.

ಈ ವರ್ಷದ ನಾಲ್ವರಲ್ಲಿ ಪೂರ್ತಿ ತಿಂಗಳು ನಿಂತವನು ಹುನಗುಂದದ ಸುನೀಲಕುಮಾರ. ಇಪ್ಪತ್ತಾರರ ಹುಡುಗ, ಕೈ ಹಗುರ, ತಲೆ ಚುರುಕು. ಮೂರು ಎಳೆ ನೋಡಿ ಗಾಳಿ ಹೇಳಬಲ್ಲ. ವಿಜಯಮಹಾಂತೇಶರಿಗೆ ಅವನ ಮೇಲೆ ಆಸೆ ಇತ್ತು. ಆಷಾಢದ ಕೊನೆಯ ಬೆಳಿಗ್ಗೆ ಅವನು ಗಳ ಬಿಚ್ಚಲು ಕೈಜೋಡಿಸುತ್ತ ಕೇಳುತ್ತಾನೆ.

"ಸರ್, ಶ್ರಾವಣದ ಮೊದಲನೇ ಐತವಾರ ನಮ್ಮೂರಾಗ ಒಂದು ಲಗ್ನ ಹಿಡದೇನಿ. ಸೆರಗು ಹಾರಸ್ಬೇಕಂತ. ಕಟ್ಟಿ ಹಾರಸೂದು ಹೆಂಗ ಅಂತ ಅದೊಂದು ಹೇಳಿಕೊಡ್ರಿ."

"ಅದನ್ನ ಬಿಟ್ಟು ಎಲ್ಲಾ ಹೇಳೇನಿ. ಅದಕ್ಕ ಹೆಂಗ ಅನ್ನೂದ ಇಲ್ಲೋ ತಮ್ಮಾ."

"ನಾ ಒಲ್ಲೆ ಅಂದ್ರ ಬ್ಯಾರೆದಾವ್ರು ಹಾರಸ್ತಾರ್ರಿ. ಅವ್ರಿಗೆ ಗಾಳಿನೂ ಗೊತ್ತಿಲ್ಲ, ಏನೂ ಗೊತ್ತಿಲ್ಲ. ನಾ ಹಾರಸೂದ ಛಲೋ ಅಲ್ಲೇನು?"

ಉತ್ತರವಾಗಿ ವಿಜಯಮಹಾಂತೇಶ ಗಳವನ್ನು ಮತ್ತೆ ನಿಲ್ಲಿಸುತ್ತಾರೆ. ತುದಿಗೆ ತಮ್ಮ ಹೆಗಲ ಮೇಲಿನ ವಸ್ತ್ರ ಕಟ್ಟುತ್ತಾರೆ. ಗಾಳಿ ಅದರಲ್ಲಿ ತುಂಬಿ ಇಪ್ಪತ್ತಡಿ ಬಿದಿರು ಬಾಗುತ್ತದೆ, ಬುಡದ ಕಲ್ಲು ಸರಿಯುತ್ತದೆ, ಗಳ ಉರುಳಿ ಬೀಳುತ್ತದೆ. ಸುನೀಲಕುಮಾರ ಅದನ್ನು ನೋಡುತ್ತಾನೆ. ಕಾಲಿಗೆ ನಮಸ್ಕಾರ ಮಾಡಿ ಹೋಗುತ್ತಾನೆ. ಹಿಡಿದ ಲಗ್ನವನ್ನು ಬಿಡುತ್ತೇನೆ ಎಂದು ಅವನು ಹೇಳುವುದಿಲ್ಲ.

ಶ್ರಾವಣದ ಮೊದಲ ಭಾನುವಾರ. ವಿಜಯಮಹಾಂತೇಶ ಬೆಳಗಿನ ಬಸ್ಸಿಗೆ ಹುನಗುಂದಕ್ಕೆ ಬಂದಿದ್ದಾರೆ. ಕಾರ್ಯಾಲಯದ ಮುಂದೆ ಬಾಜಿ ಬಜಂತ್ರಿ, ರಾತ್ರಿ ಸುರಿದ ಮಳೆಯ ಕೆಸರು, ಕೆಸರಿನ ಮೇಲೆ ಹಾಸಿದ ಜಮಖಾನ. ಬಾಗಿಲ ಹೊರಗೆ ಒಂದು ಕಟ್ಟೆಯ ಮೇಲೆ ನಿಂತು ಸುನೀಲಕುಮಾರ ರಿಮೋಟ್ ಹಿಡಿದಿದ್ದಾನೆ. ಗುರುವನ್ನು ನೋಡಿ ಮುಖ ತಗ್ಗಿಸುತ್ತಾನೆ. ಮದುಮಗಳು ಕಾರಿನಿಂದ ಇಳಿಯುತ್ತಾಳೆ, ಡ್ರೋನು ಏಳುತ್ತದೆ, ಅದರ ಕೆಳಗೆ ಎರಡು ಮೊಳ ಕೆಂಪು ಸೆರಗು ಬಿಚ್ಚಿಕೊಳ್ಳುತ್ತದೆ. ನೂರಾರು ಫೋನು ಮೇಲೇಳುತ್ತವೆ. ಚೆಂದ ಕಾಣುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ವಿಜಯಮಹಾಂತೇಶರೊಬ್ಬರೇ ಮೇಲೆ ನೋಡುತ್ತಿಲ್ಲ. ಅವರು ಹೆಂಗಸರ ಕೈಗಳನ್ನು ನೋಡುತ್ತಿದ್ದಾರೆ.

ಗಾಳಿ ಒಂದೇ ಸಲಕ್ಕೆ ಬರುತ್ತದೆ. ಸೆರಗು ಉಬ್ಬಿ ಡ್ರೋನನ್ನು ಪಕ್ಕಕ್ಕೆ ಎಳೆಯುತ್ತದೆ, ಯಾರೋ ಚೀರುತ್ತಾರೆ. ಸುನೀಲಕುಮಾರನ ಹೆಬ್ಬೆರಳು ಮನೆಯ ಚಿತ್ರವಿರುವ ಗುಂಡಿಯ ಮೇಲೆ ಹೋಗುತ್ತದೆ, ಅಲ್ಲಿ ತಡೆಯುತ್ತದೆ, ಹಿಂದಕ್ಕೆ ಬರುತ್ತದೆ. ಅವನು ಡ್ರೋನನ್ನು ಕೆಳಕ್ಕೆ ತರುತ್ತಾನೆ, ಜಮಖಾನದ ಆಚೆ ಖಾಲಿ ಕಂಡ ಕಡೆಗೆ. ಅಷ್ಟರಲ್ಲಿ ಅಲ್ಲಿಗೆ ಒಬ್ಬ ಮುದುಕಿ ನುಗ್ಗುತ್ತಾಳೆ. ಮದುಮಗಳ ಅಜ್ಜಿ ತಾಯವ್ವ, ಐವತ್ತು ವರ್ಷ ಮಗ್ಗದಲ್ಲಿ ಕೂತವಳು. ಸೆರಗಿನ ಚುಂಗು ಕೆಸರಿಗೆ ಮೊಳದಷ್ಟು ದೂರವಿದೆ. ಅವಳ ಎರಡೂ ಕೈ ಮೇಲೆ ಚಾಚಿವೆ.

"ಯವ್ವಾ, ಬ್ಯಾಡ! ಬೀಳಲಿ ಬಿಡು!"

"ಸೆರಗು ನೆಲಕ್ಕ ಬೀಳ್ತೈತೋ ಮೂಳಾ!"

ವಿಜಯಮಹಾಂತೇಶ ಅವಳ ಎರಡೂ ಮುಂಗೈ ಹಿಡಿದು ಹಿಂದಕ್ಕೆಳೆಯುತ್ತಾರೆ. ನಾಲ್ಕು ವರ್ಷ ಬೆನ್ನ ಹಿಂದೆ ಕಟ್ಟಿಕೊಂಡಿದ್ದ ಕೈ. ಸೆರಗು ಕೆಸರಿಗೆ ಬೀಳುತ್ತದೆ. ಅದರ ಮೇಲೆ ಡ್ರೋನು ಮಗುಚಿ ಬೀಳುತ್ತದೆ, ರೆಕ್ಕೆ ಕೆಸರನ್ನು ಕಡೆದು ಚಿಮ್ಮಿಸುತ್ತದೆ, ಮುರಿದ ಒಂದು ಚೂರು ಹಾರಿ ಗೋಡೆಗೆ ಬಡಿಯುತ್ತದೆ.

ಆಮೇಲೆ ನಡೆದದ್ದು ಚಿಕ್ಕದು. ಮುದುಕಿಯ ಮೈಮೇಲೆ ಕೈ ಹಾಕಿದ ಇವನ್ಯಾರು ಎಂದು ನಾಲ್ಕು ಮಂದಿ ಸುತ್ತುವರಿಯುತ್ತಾರೆ. ಅಂಗಿ ಹರಿಯುತ್ತದೆ. ಶುಭಕಾರ್ಯದಲ್ಲಿ ಸೆರಗು ಮಣ್ಣು ಮಾಡಿದ ಅಪಶಕುನದವನು ಎಂದು ಒಬ್ಬರು ಕೂಗುತ್ತಾರೆ. ಸುನೀಲಕುಮಾರನನ್ನು ಕೇಳಿದರೆ ಅವನು ನೆಲ ನೋಡುತ್ತ, "ಆ ಮನುಷ್ಯಾ ನಡುವ ಬಂದಾನ್ರಿ," ಎನ್ನುತ್ತಾನೆ. ಗುಂಡಿ ಒತ್ತದೆ ಇದ್ದ ಹುಡುಗನೂ ಅವನೇ, ಈ ಮಾತು ಆಡಿದ ಹುಡುಗನೂ ಅವನೇ. ತಾಯವ್ವ ಕೆಸರು ಮೆತ್ತಿದ ಸೆರಗನ್ನು ಎತ್ತಿ ಎದೆಗೊತ್ತಿಕೊಂಡು ಅಳುತ್ತಾಳೆ. ಅವಳ ಎರಡೂ ಕಣ್ಣಿನಿಂದ ನೀರಿಳಿಯುತ್ತದೆ. ಅಷ್ಟನ್ನು ನೋಡಿಕೊಂಡು ವಿಜಯಮಹಾಂತೇಶ ಬಸ್ ನಿಲ್ದಾಣದ ಕಡೆ ನಡೆಯುತ್ತಾರೆ.

ಈ ಲೇಖನಕ್ಕೆ ಒಂದು ಫೋಟೋ ಬೇಕು ಎಂದಾಗ ಅವರು ಒಪ್ಪುವುದಿಲ್ಲ. "ನನ್ನ ಮಾರಿ ಹಾಕೂ ಜಾಗಾದಾಗ ಇಷ್ಟು ದಪ್ಪ ಅಕ್ಷರದಾಗ ಬರೀರಿ," ಎಂದು ಎರಡು ಬೆರಳು ಅಗಲಿಸಿ ತೋರಿಸುತ್ತಾರೆ. "ಅದಕ್ಕ ಏನೂ ಕಟ್ಟಬ್ಯಾಡ್ರಿ. ಬಿದ್ರ ಹಿಡೀಬ್ಯಾಡ್ರಿ. ಸಾಕು." ಬರೆದರೆ ನಿಲ್ಲುತ್ತದೆಂಬ ನಂಬಿಕೆ ಇದೆಯೇ ಎಂದು ಕೇಳಿದರೆ ಇಲ್ಲ ಎಂದು ತಲೆಯಾಡಿಸುತ್ತಾರೆ. ಶ್ರಾವಣದಲ್ಲಿ ಅವರಿಗೆ ತಿಳಿದಂತೆ ಹಾರುವ ಸೆರಗಿನ ಲಗ್ನ ಇನ್ನೂ ಏಳು ಇವೆ. ಮುಂದಿನದು ಗುರುವಾರ, ಇಳಕಲ್‌ನಲ್ಲೇ.

ಆ ಸಂಜೆ ಮನೆಯಲ್ಲಿ ಬಸವೇಶ್ವರಿ ರಾಟೆಯ ಮುಂದೆ ಕೂತಿದ್ದಾರೆ. ಗಂಡನ ಹರಿದ ಅಂಗಿಯನ್ನು ಬಲಗಣ್ಣಿನಿಂದ ನೋಡುತ್ತಾರೆ.

"ಸೆರಗು ಮಣ್ಣಾತೇನು?"

"ಆತು."

"ಯಾರೂ ಹಿಡೀಲಿಲ್ಲೇನು?"

"ಒಬ್ಬಾಕಿ ಮುದುಕಿ ಹಿಡ್ಯಾಕ ಬಂದಿದ್ಲು. ಬೀಳಲಿ ಬಿಡು ಅಂದೆ, ಹಿಡ್ಯಾಕ ಬಿಡಲಿಲ್ಲ."

ಬಸವೇಶ್ವರಿ ರಾಟೆ ನಿಲ್ಲಿಸುತ್ತಾರೆ. ನೂಲು ಬೆರಳಲ್ಲೇ ಉಳಿಯುತ್ತದೆ. ನಾಲ್ಕು ವರ್ಷದಲ್ಲಿ ಆ ಮನೆಯ ಮಾತು ಮೊದಲ ಸಲ ಒಂದು ಹೆಜ್ಜೆ ಮುಂದೆ ಹೋಗುತ್ತದೆ.

"ಅವತ್ತ ನನಗ ಯಾರೂ ಹಂಗ ಅನ್ನಲಿಲ್ಲ ನೋಡ್ರಿ," ಎನ್ನುತ್ತಾರೆ. ಮತ್ತೆ ರಾಟೆ ತಿರುಗಿಸುತ್ತ, "ಅಂಗಿ ಕೊಡ್ರಿ, ಹೊಲಿಸಿ ಇಡ್ತೇನಿ. ಗುರುವಾರನೂ ಹೋಗ್ರಿ."